ಬಾಡಿಗೆಗೆ ಕಟ್ಟುವವರು, ಬೆಲೆಗೆ ಕಾಯುವವರು

ಬೆಂಗಳೂರಿನಲ್ಲಿ ಬಾಡಿಗೆಯ ಮಾತು ಬಂದರೆ ಸಾಕು, ಬಾಡಿಗೆದಾರರು ಓನರ್‌ಗಳನ್ನು ಬೈಯುತ್ತಾರೆ, ಓನರ್‌ಗಳು ಕಾನೂನನ್ನು ಬೈಯುತ್ತಾರೆ, ಇಬ್ಬರೂ ಸೇರಿ ಬ್ರೋಕರ್‌ನನ್ನು ಬೈಯುತ್ತಾರೆ. ಫ್ಲೈಓವರ್ ಕೆಳಗೆ ಮಲಗುವವರ ಸುದ್ದಿ ಈ ಜಗಳದಲ್ಲಿ ಬರುವುದೇ ಅಪರೂಪ. ಮನೆ, ಸೈಟಿನ ಮೇಲೆ ದುಡ್ಡು ಹಾಕಿದವರು ಆಡುವ ಮತ್ತು ಅವರ ಬಗ್ಗೆ ಉಳಿದವರು ಆಡುವ ಕೆಲವು ಮಾತುಗಳನ್ನು ಇಲ್ಲಿ ಲೆಕ್ಕಕ್ಕೆ ಹಚ್ಚಿದ್ದೇನೆ.

“ಮನೆಗಳೇ ಸಾಲುತ್ತಿಲ್ಲ, ಇನ್ನಷ್ಟು ಕಟ್ಟಿದರೆ ಎಲ್ಲ ಸರಿಹೋಗುತ್ತದೆ.”

2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.11 ಕೋಟಿ. ಅದೇ ಗಣತಿಗಾಗಿ ಫೆಬ್ರವರಿ 28ರ ರಾತ್ರಿ ಸೂರಿಲ್ಲದವರನ್ನು ಎಣಿಸಿದಾಗ ನಗರಗಳಲ್ಲಿ ಸಿಕ್ಕವರು ಸುಮಾರು 9.4 ಲಕ್ಷ ಮಂದಿ. (2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ, ಹಾಗಾಗಿ ಹಳೆಯ ಲೆಕ್ಕವೇ ಗತಿ.) ತಲೆಗೊಂದು ಮನೆ ಕೊಟ್ಟರೂ ಒಂದು ಕೋಟಿ ಉಳಿಯುತ್ತದೆ ಎಂದು ಭಾಷಣ ಬಿಗಿಯಬಹುದು. ಆದರೆ ಆ ಖಾಲಿ ಮನೆಗಳಲ್ಲಿ ವಾಸಕ್ಕೆ ಲಾಯಕ್ಕಿಲ್ಲದವೂ ಇವೆ, ಕೂಲಿ ಸಿಗುವ ಜಾಗದಿಂದ ಎರಡು ಬಸ್ಸು ದೂರದವೂ ಇವೆ.

2012ರಲ್ಲಿ ಅಮಿತಾಭ್ ಕುಂಡು ನೇತೃತ್ವದ ತಾಂತ್ರಿಕ ಸಮಿತಿ ನಗರಗಳ ಮನೆ ಕೊರತೆಯನ್ನು 1.88 ಕೋಟಿ ಎಂದು ಅಂದಾಜಿಸಿತು. ಅದರಲ್ಲಿ ಸುಮಾರು ಶೇ 96ರಷ್ಟು ಕೊರತೆ ಬಡವರ ಮತ್ತು ಕಡಿಮೆ ಆದಾಯದವರ ಪಾಲಿನದು. ದೊಡ್ಡ ಪಾಲು, ಅಂದರೆ ಸುಮಾರು ಒಂದೂವರೆ ಕೋಟಿ, ಇಕ್ಕಟ್ಟಿನಲ್ಲಿ ಬದುಕುವ ಸಂಸಾರಗಳದು. ಪೂರ್ತಿ ಸೂರಿಲ್ಲದ ಕುಟುಂಬಗಳು 5.3 ಲಕ್ಷ ಮಾತ್ರ. ಹೊಸ ಟವರ್‌ನಲ್ಲಿ ಮೂರು ಬೆಡ್‌ರೂಮಿನ ಇನ್ನೂರು ಫ್ಲ್ಯಾಟ್ ಎದ್ದರೆ ಈ ಲೆಕ್ಕದಲ್ಲಿ ಒಂದು ಅಂಕಿಯೂ ಅಲುಗುವುದಿಲ್ಲ.

“ಮನೆಗೆ ಬೀಗ ಹಾಕಿಟ್ಟವರೆಲ್ಲ ದುರಾಸೆಯವರು.”

ದುರಾಸೆಯವರಾಗಿದ್ದರೆ ಬರುವ ಬಾಡಿಗೆಯನ್ನು ಕೈಬಿಡುತ್ತಿದ್ದರೇ? ಒಂದು ಕೋಟಿ ಕೊಟ್ಟು ಕೊಂಡ ಫ್ಲ್ಯಾಟಿಗೆ ತಿಂಗಳಿಗೆ 28,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3.36 ಲಕ್ಷ. ಮೇಂಟೆನೆನ್ಸ್, ಕಂದಾಯ, ಸುಣ್ಣಬಣ್ಣ ಕಳೆದರೆ ಮೂರು ಲಕ್ಷವೂ ಕಷ್ಟ. ಅದೇ ಹಣ ಬ್ಯಾಂಕಿನ ಠೇವಣಿಯಲ್ಲಿದ್ದರೆ ಇದರ ಎರಡರಷ್ಟು ಬರುತ್ತದೆ. ಅಂದ ಮೇಲೆ ಆ ಫ್ಲ್ಯಾಟನ್ನು ಕೊಂಡದ್ದು ಬಾಡಿಗೆಗಲ್ಲ, ಬೆಲೆ ಏರಲಿ ಅಂತ. ಹಾಗೆ ಕಾಯುವವನಿಗೆ ಬಾಡಿಗೆ ಚಿಲ್ಲರೆ ಕಾಸು, ಬಾಡಿಗೆದಾರ ತಲೆನೋವು. ಮಾರುವ ಹೊತ್ತಿಗೆ ಮನೆ ಖಾಲಿ ಇದ್ದರೆ ಗಿರಾಕಿ ಬೇಗ ಕುದುರುತ್ತಾನೆ.

ಈ ಲೆಕ್ಕಾಚಾರವನ್ನು ನಮ್ಮ ತೆರಿಗೆ ಪದ್ಧತಿ ಬೆನ್ನು ತಟ್ಟಿ ಬೆಳೆಸಿದೆ. 2008ರಲ್ಲಿ ಬಿಬಿಎಂಪಿ ತಂದ ಆಸ್ತಿ ತೆರಿಗೆಯ ಯೂನಿಟ್ ಏರಿಯಾ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರ, ಮಾಲೀಕರೇ ವಾಸವಿರುವ ಮನೆಯದಕ್ಕಿಂತ ದುಪ್ಪಟ್ಟು. ಖಾಲಿ ಸೈಟಿನದಂತೂ ಎರಡಕ್ಕಿಂತಲೂ ಬಲು ಕಡಿಮೆ. 2019ರ ಕೇಂದ್ರ ಬಜೆಟ್‌ನ ನಂತರ ಸ್ವಂತಕ್ಕೆಂದು ತೋರಿಸಿದ ಎರಡನೇ ಮನೆಯ ಊಹಾ ಬಾಡಿಗೆಗೂ ಆದಾಯ ತೆರಿಗೆ ಇಲ್ಲ. ಮನೆ ಕೊಟ್ಟವನಿಗೆ ತೆರಿಗೆ, ಮುಚ್ಚಿಟ್ಟವನಿಗೆ ರಿಯಾಯಿತಿ. ಓನರ್‌ನ ಗುಣ ನೋಡುವ ಮೊದಲು ಈ ಪಟ್ಟಿ ನೋಡಬೇಕು.

“ಬಾಡಿಗೆದಾರ ಹನ್ನೆರಡು ವರ್ಷ ಇದ್ದುಬಿಟ್ಟರೆ ಮನೆ ಅವನದೇ.”

ಈ ಭಯಕ್ಕೆ ಬೀಗ ಹಾಕಿದ ಮನೆಗಳು ಎಷ್ಟೋ. ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನದ ಮಾತು, ಮಾಲೀಕನ ಹಕ್ಕನ್ನು ಧಿಕ್ಕರಿಸಿ ಕೂತವನಿಗೆ ಸಂಬಂಧಿಸಿದ್ದು. ಬಾಡಿಗೆ ಕೊಡುತ್ತಾ, ಮಾಲೀಕನ ಒಪ್ಪಿಗೆಯಿಂದ ಇರುವವನಿಗೆ ಅದು ಅನ್ವಯಿಸುವುದಿಲ್ಲ. ಹನ್ನೊಂದು ತಿಂಗಳ ಕರಾರಿಗೂ ಇದಕ್ಕೂ ನಂಟಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು, ಅದನ್ನು ತಪ್ಪಿಸಲು ಹನ್ನೊಂದು, ಅಷ್ಟೆ.

ಇನ್ನು ಬಾಡಿಗೆ ಕಾಯ್ದೆ ಬಾಡಿಗೆದಾರನ ಪರ ಎಂಬ ಗೊಣಗಾಟ. 1961ರ ನಿಯಂತ್ರಣ ಕಾಯ್ದೆಯ ಕಾಲಕ್ಕೆ ಅದು ನಿಜವಿತ್ತು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿದೆ. ಆ ಬಾಡಿಗೆಗೆ ಇವತ್ತು ಇಲ್ಲಿ ಗ್ಯಾರೇಜೂ ಸಿಗಲಿಕ್ಕಿಲ್ಲ. ಆದರೂ ಭಯಕ್ಕೆ ಒಂದು ಗಟ್ಟಿ ಕಾರಣ ಉಳಿದಿದೆ: ಬಿಡಲೊಲ್ಲದ ಬಾಡಿಗೆದಾರನ ಮೇಲೆ ದಾವೆ ಹೂಡಿದರೆ ಅದು ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿಯೇ ಓನರ್‌ಗಳು ದೊಡ್ಡ ಅಡ್ವಾನ್ಸ್ ಹಿಡಿದುಕೊಳ್ಳುತ್ತಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ಹತ್ತು ತಿಂಗಳದ್ದು ಕೇಳುವುದು ಬೆಂಗಳೂರಿನ ಹಳೇ ರೂಢಿ. 6,000ದ ರೂಮಿಗೆ 60,000 ಮುಂಗಡ ಕೊಡುವಂತಿದ್ದರೆ ಕೂಲಿಕಾರನೊಬ್ಬ ಶೀಟಿನ ಶೆಡ್ಡಿಗೆ ಯಾಕೆ ಹೋಗುತ್ತಾನೆ?

“ಅಫರ್ಡಬಲ್ ಹೌಸಿಂಗ್ ಅಂದರೆ ಬಡವರ ಮನೆ.”

2019ರಿಂದ ‘ಅಫರ್ಡಬಲ್’ ಎಂದು ಶೇ 1ರ ರಿಯಾಯಿತಿ ಜಿಎಸ್‌ಟಿಗೆ ಅರ್ಹವಾದ ಮನೆಯ ಬೆಲೆಯ ಮಿತಿ 45 ಲಕ್ಷ. ಅದರಲ್ಲಿ 36 ಲಕ್ಷ ಸಾಲ, ಶೇ 8.5 ಬಡ್ಡಿ, ಇಪ್ಪತ್ತು ವರ್ಷ: ತಿಂಗಳ ಕಂತು 31,000 ದಾಟುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲ ಕುಟುಂಬದ ವಾರ್ಷಿಕ ಆದಾಯದ ಮಿತಿ ಮೂರು ಲಕ್ಷ, ಅಂದರೆ ತಿಂಗಳಿಗೆ 25,000. ಊಟ ಬಿಟ್ಟರೂ ಕಂತು ತುಂಬದು.

“ಖಾಸಗಿಯವರು ಬಡವರಿಗೆ ಮನೆ ಕೊಟ್ಟದ್ದುಂಟೇ?”

ಉಂಟು, ಮತ್ತು ದೊಡ್ಡ ಪ್ರಮಾಣದಲ್ಲಿ. ಹಿಂದಿನ ವಠಾರಗಳನ್ನು ಕಟ್ಟಿದ್ದು ಸರ್ಕಾರವಲ್ಲ. ಈಗ ಊರಂಚಿನ ರೆವಿನ್ಯೂ ಲೇಔಟ್‌ಗಳಲ್ಲಿ 20x30, 30x40 ಸೈಟಿನ ಮೇಲೆ ಮೂರು ನಾಲ್ಕು ಅಂತಸ್ತು ಎಬ್ಬಿಸಿ, ಒಂದೊಂದು ರೂಮಾಗಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಸೆಕ್ಯುರಿಟಿ ಗಾರ್ಡ್‌ಗಳಿಗೆ ಬಾಡಿಗೆಗೆ ಕೊಡುವವರೂ ಹೂಡಿಕೆದಾರರೇ. ಬಾಡಿಗೆಯೇ ಇವರ ಅನ್ನ, ಹಾಗಾಗಿ ರೂಮು ಒಂದು ತಿಂಗಳು ಖಾಲಿ ಬಿದ್ದರೂ ಚಡಪಡಿಸುತ್ತಾರೆ. ಇಂಥ ಕಟ್ಟಡಗಳಲ್ಲಿ ಗಾಳಿ ಬೆಳಕು ಕಡಿಮೆ, ನೀರಿಗೆ ಟ್ಯಾಂಕರ್, ಖಾತೆ ಎಷ್ಟೋ ಸಲ ‘ಬಿ’, ಅಂದರೆ ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಯದು. ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಾರೆ. ಬೆಲೆಗೆ ಕಾಯುವವನ ‘ಎ’ ಖಾತೆ ಫ್ಲ್ಯಾಟಿಗೆ ಸಾಲ ಸಲೀಸು. ಇದರ ನಡುವೆ ದೇಶದ ನಗರಗಳ ಮನೆಗಳಲ್ಲಿ ಬಾಡಿಗೆಯವುಗಳ ಪಾಲು 1961ರಲ್ಲಿ ಶೇ 54 ಇದ್ದದ್ದು 2011ಕ್ಕೆ ಶೇ 28ಕ್ಕೆ ಇಳಿದಿತ್ತು ಎಂದು 2017-18ರ ಆರ್ಥಿಕ ಸಮೀಕ್ಷೆ ಹೇಳಿದೆ. ನನ್ನನ್ನು ಕೇಳಿದರೆ, ಈ ಕೊಳಕು ಮೆಟ್ಟಿಲಿನ ಕಟ್ಟಡಗಳನ್ನು ಬೈಯುವ ಬದಲು ಅವುಗಳ ದುರಸ್ತಿಗೆ ಸಾಲ ಕೊಡುವುದು ಲೇಸು.

“ಬೀದಿಯಲ್ಲಿ ಮಲಗುವವರು ಭಿಕ್ಷುಕರು, ದುಡಿಯದವರು.”

ಕೆ.ಆರ್. ಮಾರ್ಕೆಟ್ಟಿನಲ್ಲಿ ನಸುಕಿಗೇ ಲಾರಿಯಿಂದ ತರಕಾರಿ ಮೂಟೆ ಇಳಿಸುವ ಹಮಾಲಿ ದೂರದಲ್ಲಿ ರೂಮು ಮಾಡಿದರೆ ಆ ಹೊತ್ತಿಗೆ ಬಸ್ಸಿಲ್ಲ. ಮಾರ್ಕೆಟ್ಟಿನ ಪಕ್ಕದ ಫುಟ್‌ಪಾತು ಅವನಿಗೆ ಕೆಲಸಕ್ಕೆ ಹತ್ತಿರದ ಜಾಗ. ಅಂಥವನಿಗೆಂದೇ ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿ ಉಳಿಯುವಷ್ಟು ಆಶ್ರಯ, ತಲೆಗೆ 50 ಚದರ ಅಡಿ ಜಾಗ ಇರಬೇಕೆಂದು ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಗೊತ್ತು ಮಾಡಿತ್ತು. 2011ರಲ್ಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ, ಅಂದರೆ 8,400 ಮಂದಿಗೆ ಜಾಗ ಬೇಕಿತ್ತು.

ಮನೆಯಿದ್ದವರು ಆಸ್ತಿ ತೆರಿಗೆ ರಸೀದಿಯನ್ನೊಮ್ಮೆ ತೆಗೆದು ನೋಡಲಿ. ಅದರಲ್ಲಿ ಶೇ 3ರ ಭಿಕ್ಷುಕರ ಸೆಸ್ ಸೇರಿದೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಲೆಕ್ಕಕ್ಕೆ, ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುವ ಹಣ. ಮೂಟೆ ಹೊರುವವನು ಭಿಕ್ಷುಕನಲ್ಲ, ಹಾಗಾಗಿ ಅವನು ರಾತ್ರಿ ಮಲಗುವ ಜಾಗಕ್ಕೆ ಆ ಹಣ ತಲುಪುವುದಿಲ್ಲ.