"ನಾನೇನೂ ಕೆಲ್ಸ ಮಾಡಲ್ಲ, ಮನೇಲೇ ಇರ್ತೀನಿ"



ಸಂಘಕ್ಕೆ ಹೊಸದಾಗಿ ಸೇರುವವರನ್ನು "ನೀವೇನು ಕೆಲ್ಸ ಮಾಡ್ತೀರಿ ಅಕ್ಕ?" ಎಂದು ಕೇಳಿದರೆ ಅನೇಕರ ಉತ್ತರ ಒಂದೇ: "ಏನೂ ಇಲ್ಲ, ಮನೇಲೇ ಇರ್ತೀನಿ."

ಇದು ನಿಜವೇ? ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿ, ನೀರು ತಂದು, ಹಾಲು ಕರೆದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಟ್ಟೆ ಒಗೆದು, ಅತ್ತೆಗೆ ಮಾತ್ರೆ ಕೊಟ್ಟು, ಹೊಲದಲ್ಲಿ ಕಳೆ ಕಿತ್ತು ಬರುವವಳು ಕೆಲಸ ಮಾಡದವಳು ಹೇಗಾದಾಳು?

ಕಾಣದ ಕೆಲಸ

ಹೋಟೆಲಿನಲ್ಲಿ ಅಡುಗೆ ಮಾಡಿದವರಿಗೆ ಸಂಬಳವಿದೆ. ಅದೇ ಅಡುಗೆಯನ್ನು ಮನೆಯಲ್ಲಿ ಮಾಡಿದರೆ "ಅದು ಅವಳ ಕರ್ತವ್ಯ" ಎನ್ನುತ್ತಾರೆ. ದೇಶದ ಆದಾಯದ ಲೆಕ್ಕಕ್ಕೂ ಸಂಬಳವಿಲ್ಲದ ಮನೆಗೆಲಸ ಸೇರುವುದಿಲ್ಲ. ಆಕೆ ಜ್ವರ ಬಂದು ಮಲಗಿದ ದಿನ ಮಾತ್ರ ಆ ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ!

ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ; ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಮಕ್ಕಳ, ವೃದ್ಧರ ಆರೈಕೆ ಇದಕ್ಕೆ ಸೇರಿಲ್ಲ. ತಿಂಗಳಿಗೆ ಲೆಕ್ಕ ಹಾಕಿ: 144 ಗಂಟೆಗೂ ಹೆಚ್ಚು. ಎಂಟು ಗಂಟೆಯ ಕೂಲಿಯಂತೆ 18 ದಿನದ ದುಡಿಮೆ!

ನ್ಯಾಯಾಲಯ ಏನು ಹೇಳಿದೆ?

ಗೃಹಿಣಿಯ ಕೆಲಸಕ್ಕೂ ಹಣದ ಬೆಲೆ ಕಟ್ಟಿ ಅಪಘಾತ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯ ತೀರ್ಪಿನಲ್ಲಿ ಎತ್ತಿ ಹೇಳಿತು. ಆದ್ದರಿಂದ ರಸ್ತೆ ಅಪಘಾತದಲ್ಲಿ ಗೃಹಿಣಿ ತೀರಿಕೊಂಡರೆ, "ಅವಳಿಗೆ ಸಂಪಾದನೆ ಇರ್ಲಿಲ್ಲ" ಎಂದು ಮನೆಯವರು ಪರಿಹಾರ ಕೇಳದೆ ಬಿಡಬಾರದು.

ನಾವೇನು ಮಾಡಬಹುದು?

1. ಮುಂದಿನ ಸಭೆಯಲ್ಲಿ ಪ್ರತಿಯೊಬ್ಬರೂ ಏಳುವುದರಿಂದ ಮಲಗುವವರೆಗೆ ಮಾಡಿದ ಕೆಲಸಗಳನ್ನು ಗಂಟೆಯ ಪ್ರಕಾರ ಬರೆಯಿರಿ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಲಿ. ಆ ಹಾಳೆಯನ್ನು ಮನೆಯವರಿಗೆ ತೋರಿಸಿ.

2. ಮಗಳಿಗೆ ಪೊರಕೆ, ಮಗನಿಗೆ ಆಟ ಎಂಬ ಭೇದ ಬೇಡ. ತಟ್ಟೆ ತೊಳೆಯುವುದನ್ನು ಇಬ್ಬರಿಗೂ ಕಲಿಸಿ.

3. ಸಾಲ ನಿಮ್ಮ ಹೆಸರಿನಲ್ಲಿ, ಹಸು ಗಂಡನ ಹೆಸರಿನಲ್ಲಿ ಎಂದಾಗಬಾರದು. ಸಾಲ ತೀರಿಸುವವಳ ಹೆಸರು ಆಸ್ತಿಯಲ್ಲೂ ಇರಲಿ.

ದುಡಿಮೆಗೆ ಲೆಕ್ಕ ಇಲ್ಲದ ಕಡೆ ಮಾತಿಗೂ ಬೆಲೆ ಇರುವುದಿಲ್ಲ. ಮಗಳ ಓದು, ಮದುವೆ, ಜಮೀನು ಮಾರಾಟ ಯಾವುದರಲ್ಲೂ "ನಿಂಗೇನು ಗೊತ್ತು?" ಎಂಬ ಮಾತು ಬರುವುದು ಅದಕ್ಕೇ.

ಪುನರುತ್ಥಾನರಾದ ಯೇಸುಸ್ವಾಮಿ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು, ದಣಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದರೆಂದು ಶುಭಸಂದೇಶ ಹೇಳುತ್ತದೆ. ಒಲೆಯ ಮುಂದೆ ಕೂರುವುದು ಯಾವ ಗಂಡಸಿಗೂ ಅವಮಾನವಲ್ಲ.

ಚರ್ಚೆಗೆ: ನಾಳೆ ಒಂದು ದಿನ ನಾವು ಕೈಕಟ್ಟಿ ಕೂತರೆ ನಮ್ಮ ಮನೆಯಲ್ಲಿ ಏನೇನು ನಿಲ್ಲುತ್ತದೆ?