ತಿಥಿಗೆ ಮೊದಲು ಬೇಕಾದ ಮುಖ

ಮನೆಯ ಹಿರಿಯರು ತೀರಿಕೊಂಡಾಗ ಟ್ರಂಕು ತಡಕಿದರೆ ಎಷ್ಟೋ ಸಲ ಸಿಗುವುದು ಒಂದೇ ಫೋಟೊ. ಪಿಂಚಣಿ ಅರ್ಜಿಗೋ ಪಾಸ್‌ಬುಕ್ಕಿಗೋ ತೆಗೆಸಿದ, ಬಿಗಿದ ಮುಖದ ಪಾಸ್‌ಪೋರ್ಟ್ ಅಳತೆಯದು. ಅದನ್ನೇ ದೊಡ್ಡದು ಮಾಡಿಸಿದರೆ ಮುಖ ಮಸುಕು. ತಿಥಿಯ ದಿನ ಹಾರ ಹಾಕಲು ಚಿತ್ರ ಬೇಕು. ಹೀಗೆ ಆ ಫೋಟೊ ಪೆನ್ಸಿಲ್ ಭಾವಚಿತ್ರ ಬರೆಯುವವರ ಕೈಗೆ ಬರುತ್ತದೆ.

ಮೊದಲು ಜೆರಾಕ್ಸ್ ಮಾಡಿಸಿಕೊಳ್ಳಬೇಕು. ಮೂಲದ ಮೇಲೆ ಗೀಚಿದರೆ ಮನೆಯವರು ಕ್ಷಮಿಸುವುದಿಲ್ಲ. 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಫೋಟೊವನ್ನು ಅರ್ಧ ಸೆಂಟಿಮೀಟರಿನ ಚೌಕಗಳಾಗಿ ಗೆರೆ ಎಳೆದರೆ 63 ಮನೆಗಳಾಗುತ್ತವೆ. ಡ್ರಾಯಿಂಗ್ ಹಾಳೆಯಲ್ಲಿ ಅಷ್ಟೇ ಮನೆಗಳನ್ನು 4 ಸೆಂ.ಮೀ. ಅಳತೆಗೆ, ಎಚ್‌ಬಿ ಪೆನ್ಸಿಲ್ಲಿನಲ್ಲಿ ತೇಲಿಸಿ ಎಳೆಯಬೇಕು. ಯಾವ ಮನೆಯ ಯಾವ ಮೂಲೆಯಲ್ಲಿ ಕಣ್ಣಿನ ತುದಿ ಇದೆಯೋ ಇಲ್ಲಿಯೂ ಅಲ್ಲೇ. ಅಗಲ, ಎತ್ತರ ಎರಡೂ ಎಂಟು ಪಟ್ಟಾಗುತ್ತವೆ.

ಅಷ್ಟಕ್ಕೆ ಹೋಲಿಕೆ ಬರುವುದಿಲ್ಲ. ಅದು ಬರುವುದು ಶೇಡಿಂಗಿನಲ್ಲಿ. ಪೆನ್ಸಿಲ್ಲಿನ ಕಡ್ಡಿ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ಮಣ್ಣು ಕಡಿಮೆಯಾದಷ್ಟೂ ಬರಹ ಮೆತ್ತಗೆ, ಕಪ್ಪಗೆ. ಕೆನ್ನೆಗೆ 2ಬಿ, ಕೂದಲಿಗೆ 6ಬಿ. ಹೊಸಬರು ಸುಕ್ಕುಗಳನ್ನು ಗೆರೆಗಳಾಗಿ ಬರೆದು ಎಪ್ಪತ್ತರ ಅಜ್ಜಿಯನ್ನು ತೊಂಬತ್ತು ಮಾಡಿಬಿಡುತ್ತಾರೆ. ಸುಕ್ಕೆಂದರೆ ಸಣ್ಣ ಕಾಲುವೆ: ಒಂದು ದಡಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು. ಕಣ್ಣಿನ ಬಿಳಿಯನ್ನು ಹಾಳೆಯ ಬಿಳಿಯಾಗಿಯೇ ಬಿಟ್ಟರೆ ಅಜ್ಜಿ ಬೆಚ್ಚಿಬಿದ್ದಂತೆ ಕಾಣುತ್ತಾಳೆ. ಅಲ್ಲಿಗೂ ತೆಳುವಾಗಿ ಬೂದು ಬೇಕು. ಪಾಪೆಯ ಮೇಲಿನ ಹೊಳಪಿನ ಚುಕ್ಕೆ ಮಾತ್ರ ಬಿಳಿ.

ಇಷ್ಟು ಕೈಯ ಕೆಲಸ. ಇನ್ನು ಮನೆಯವರ ಬೇಡಿಕೆ. ಅಪ್ಪನಿಗೆ ಪೇಟ ಇರಲಿ, ಅವ್ವನ ಕೊರಳಿಗೆ ಸರ ಬರಲಿ. ಬದುಕಿದ್ದಾಗ ಜೊತೆಯಾಗಿ ಫೋಟೊ ತೆಗೆಸಿಕೊಳ್ಳದ ಗಂಡಹೆಂಡತಿ ಒಂದೇ ಚೌಕಟ್ಟಿನಲ್ಲಿ ಕೂರಲಿ. ಇದು ನಿಜಕ್ಕೂ ಕಷ್ಟ. ಒಂದು ಫೋಟೊದಲ್ಲಿ ಬೆಳಕು ಎಡದಿಂದ, ಇನ್ನೊಂದರಲ್ಲಿ ಬಲದಿಂದ ಬಿದ್ದಿದ್ದರೆ ಇಬ್ಬರೂ ಬೇರೆಬೇರೆ ಕೋಣೆಯಲ್ಲಿ ಕೂತಂತೆ ತೋರುತ್ತದೆ. ಒಂದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಬೆಳಕೇನೋ ಹೊಂದೀತು, ಆದರೆ ಮೂಗುಬೊಟ್ಟು ಆಚೆಗೆ, ಸೆರಗು ಇನ್ನೊಂದು ಹೆಗಲಿಗೆ! ಮಗಳ ಕಣ್ಣಿಗೆ ಮೊದಲು ಬೀಳುವುದು ಅದೇ. ಮೂಗಿನ, ಗಲ್ಲದ ನೆರಳನ್ನು ಹೊಸದಾಗಿ ಲೆಕ್ಕಹಾಕಿ ಬರೆಯದೆ ವಿಧಿಯಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮ, ಹಣೆಯ ಕುಂಕುಮ. ವಿಧವೆಯಾಗಿ ತೀರಿಕೊಂಡ ತಾಯಿಗೆ ಬೊಟ್ಟು ಇರಲೇಬೇಕೆಂದು ಒಬ್ಬ ಮಗಳು, ಕೂಡದೆಂದು ಇನ್ನೊಬ್ಬಳು. ನಾನಾದರೆ ಇಬ್ಬರನ್ನೂ ಕೂರಿಸಿ ಕೇಳುವವರೆಗೆ ಹಣೆಯನ್ನು ಹಾಗೇ ಬಿಟ್ಟಿರುತ್ತೇನೆ. ಒತ್ತಿ ಬರೆದ 6ಬಿ ಯಾವ ರಬ್ಬರಿಗೂ ಪೂರ್ತಿ ಹೋಗುವುದಿಲ್ಲ.