ಪದ ಭಾಗವತರದು, ಅರ್ಥ ವೇಷಧಾರಿಯದು

ಭಟ್ಕಳ, ಹೊನ್ನಾವರ, ಕುಮಟೆಗಳ ಕಡೆ ಯಕ್ಷಗಾನ ನೋಡಿದವರಿಗೆ ಈ ಸಂಗತಿ ಹೊಸದಲ್ಲ. ಪದ ಹಾಡುವವರು ಭಾಗವತರು. ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಬೇಕಾದವನು ವೇಷಧಾರಿ. ಹೊಸ ಹುಡುಗನು ತಡವರಿಸಿದರೆ ಭಾಗವತರು ಕುಳಿತಲ್ಲಿಂದಲೇ ಒಂದು ಪ್ರಶ್ನೆ ಹಾಕಿ ದಾರಿಗೆ ತರುವುದುಂಟು. ಎದ್ದು ಬಂದು ಕುಣಿಯುವುದಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ ಹೊನ್ನಾವರದ ಸೀಮೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಆದರೆ ಶಾಲೆಯ ಮೇಜಿನ ಮೇಲೆ ರೋಬೋಟು ಬಂದು ಕುಳಿತಾಗ ಹಿರಿಯರು ಈ ವಿವೇಕವನ್ನು ಮರೆತುಬಿಡುತ್ತಾರೆ! ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಯೋಜನೆಯಡಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವು ದೊರೆತು, 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಪ್ರಯೋಗಶಾಲೆ ಏರ್ಪಡುತ್ತದೆ. ಅಲ್ಲಿಗೆ ಬರುವ ಮಾರ್ಗದರ್ಶಕರು ಪಾಠ ಒಪ್ಪಿಸುವವರಾಗದೆ ಹುರಿದುಂಬಿಸುವವರಾಗಬೇಕೆಂಬುದು ಯೋಜನೆಯ ಆಶಯ. ಸ್ಪರ್ಧೆಯ ದಿನ ಹತ್ತಿರವಾದಂತೆ ಆಶಯ ಹಿಂದೆ ಸರಿದು, ಸ್ಕ್ರೂಡ್ರೈವರು ಮೇಷ್ಟರ ಕೈ ಸೇರುತ್ತದೆ. ಮಗು ಮಲಗಿದ ಮೇಲೆ ವಿಜ್ಞಾನದ ಮಾದರಿಯನ್ನು ಪೂರೈಸುವ ತಂದೆಯೂ ಇದೇ ಗುಂಪಿನವನೇ.

ಇದರಿಂದ ಆಗುವ ನಷ್ಟವೇನು? ನೆಲದ ಕಪ್ಪು ಗೆರೆಯನ್ನು ಹಿಡಿದು ಸಾಗುವ ಪುಟ್ಟ ಗಾಡಿಯನ್ನೇ ನೋಡಬಹುದು. ಬಿಳಿಯ ನೆಲ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ, ಕಪ್ಪು ಗೆರೆ ಕಡಿಮೆ. ಗಾಡಿಯ ತಳದಲ್ಲಿರುವ ಸಂವೇದಕವು ಇದನ್ನು ಅಂಕಿಯಾಗಿ ತಿಳಿಸುತ್ತದೆ. ಎರಡರ ನಡುವಣ ಒಂದು ಅಂಕಿಯನ್ನು ಗಡಿಯೆಂದು ನಿಶ್ಚಯಿಸಬೇಕು. ಶಾಲೆಯಲ್ಲಿ ಸರಿಯಾಗಿದ್ದ ಗಡಿ, ದೀಪಗಳು ಬೇರೆಯಾದ ಸ್ಪರ್ಧಾಮಂದಿರದಲ್ಲಿ ತಪ್ಪಿಹೋಗಬಹುದು. ಗಾಡಿ ಗೆರೆ ಬಿಟ್ಟು ಓಡುತ್ತದೆ. ಅಂಕಿಯನ್ನು ತಾನೇ ಅಳೆದು ಕಂಡಿದ್ದ ಹುಡುಗಿ ಮತ್ತೆ ಅಳೆಯುತ್ತಾಳೆ. ಮೇಷ್ಟರು ಬರೆದುಕೊಟ್ಟಿದ್ದರೆ, ಅವರ ಮುಖ ನೋಡುತ್ತಾಳೆ. ನೋಡಿದರೂ ಫಲವಿಲ್ಲ: 2004ರಿಂದ ನಡೆಯುತ್ತಿರುವ ವಿಶ್ವ ರೋಬೋಟ್ ಒಲಿಂಪಿಯಾಡಿನಲ್ಲಿ, ಕಟ್ಟುವುದೂ ಪ್ರೋಗ್ರಾಮ್ ಬರೆಯುವುದೂ ಮಕ್ಕಳ ಕೆಲಸ; ತರಬೇತುದಾರರು ಸಹಾಯಕ್ಕೆ ಬರುವಂತಿಲ್ಲ.

ಅಮೆರಿಕದಲ್ಲಿ ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯ ಹಾದಿ ಬೇರೆ. ಅದರ ದೊಡ್ಡ ಸ್ಪರ್ಧೆಗಳಲ್ಲಿ ಇಂಜಿನಿಯರರೂ ವಿದ್ಯಾರ್ಥಿಗಳೂ ಒಟ್ಟಿಗೆ ದುಡಿಯಬಹುದು. ನುರಿತ ಕೈಯನ್ನು ಹತ್ತಿರದಿಂದ ನೋಡುವುದೂ ಒಂದು ವಿದ್ಯೆಯೆಂಬ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮೇಳದ ಹುಡುಗನೂ ಹಿರಿಯರ ಹೆಜ್ಜೆ ನೋಡಿಯೇ ಕಲಿತವನಲ್ಲವೇ?

ಹಾಗೆಂದು ಎಲ್ಲವನ್ನೂ ಮಕ್ಕಳಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಜಾಣತನವಲ್ಲ. ಬೆಸುಗೆಯ ಕಾದ ಕಡ್ಡಿ, ಬೆಂಕಿ ಹತ್ತಬಲ್ಲ ಲಿಥಿಯಂ ಬ್ಯಾಟರಿಯ ಚಾರ್ಜು, ಇವು ಹಿರಿಯರ ಕಣ್ಣಳತೆಯಲ್ಲಿಯೇ ನಡೆಯಬೇಕು. ಉಪಕರಣವನ್ನು ಹಿಡಿಯುವ ರೀತಿಯನ್ನು ಒಮ್ಮೆ ತೋರಿಸಿಕೊಡಬೇಕು. ವಿನ್ಯಾಸ, ಜೋಡಣೆ, ಪರೀಕ್ಷೆ, ತಪ್ಪಿದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವುದು ಮಕ್ಕಳ ಪಾಲಿಗಿರಲಿ. ಭಟ್ಕಳದಲ್ಲಿ ಇಂಜಿನಿಯರಿಂಗ್ ಕಾಲೇಜೇ ಇದೆ. ಅಲ್ಲಿಯ ವಿದ್ಯಾರ್ಥಿಗಳು ಆಸುಪಾಸಿನ ಶಾಲೆಗಳಿಗೆ ಅಣ್ಣ ಅಕ್ಕಂದಿರಾಗಿ ಬಂದರೆ ಮೇಷ್ಟರ ಹೊರೆಯೂ ಹಗುರವಾದೀತು.

ಗಾಡಿ ಗೆರೆ ತಪ್ಪಿದಾಗ ಆ ಅಣ್ಣ ಕೇಳಬೇಕಾದುದು ಇಷ್ಟೆ: “ಈಗ ಅಂಕಿ ಎಷ್ಟು ತೋರಿಸುತ್ತಿದೆ, ನೋಡಿದೆಯಾ?”